ಮುಂದಿನ ಸೀಟಿನ ಹಕ್ಕುದಾರ

ಕೆಲವರಿಗೆ ಮನೆಯಲ್ಲಿ ಮರ್ಯಾದೆ ಸಿಗುವುದು ವಿದ್ಯೆಯಿಂದ, ಕೆಲವರಿಗೆ ಜಮೀನಿನಿಂದ, ಇನ್ನು ಕೆಲವರಿಗೆ ಗಟ್ಟಿ ಗಂಟಲಿನಿಂದ. ನನಗೆ ಸಿಕ್ಕಿದ್ದು ವಾಂತಿಯಿಂದ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ನಿಜ. ಆದರೆ ಐವತ್ತನಾಲ್ಕು ತುಂಬಿದ ಮೇಲೆ ಇನ್ನು ಮುಚ್ಚಿಟ್ಟು ಏನು ಮಾಡಲಿ? ನಾನು ಹೊಳೆನರಸೀಪುರದಲ್ಲಿ ಹೈಸ್ಕೂಲು ಮೇಷ್ಟ್ರು, ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಕ್ಲಾಸಿನಲ್ಲಿ ನನ್ನ ಮಾತು ಕೇಳುವವರು ಅಷ್ಟಕ್ಕಷ್ಟೆ, ಮನೆಯಲ್ಲಿ ಅಷ್ಟೂ ಇಲ್ಲ. ಆದರೆ ಕಾರಾಗಲಿ, ಮದುವೆಗೆ ಹೊರಟ ಬಸ್ಸಾಗಲಿ, ವಾಹನವೊಂದು ಮನೆ ಮುಂದೆ ಬಂದು ನಿಂತಿತೆಂದರೆ ಆ ಗಳಿಗೆಯಿಂದ ನಾನೇ ರಾಜ. "ಮೇಷ್ಟ್ರಿಗೆ ಮುಂದಿನ ಸೀಟು ಬುಡ್ರಪ್ಪ, ಅವ್ರಿಗೆ ಆಗಲ್ಲ" ಎಂದು ಯಾರಾದರೂ ಕೂಗುತ್ತಾರೆ. ಮಂಡಿ ನೋವಿನವರು, ಬಸುರಿಯರು, ಒಮ್ಮೆ ಸಾಕ್ಷಾತ್ ಮದುಮಗನೇ, ಎಲ್ಲರೂ ಇಳಿದು ಜಾಗ ಬಿಟ್ಟಿದ್ದಾರೆ. ನಾನು ಕಿಟಕಿಗೆ ತಲೆ ಆನಿಸಿ, ಕಣ್ಣು ಮುಚ್ಚಿ, ಮೂಗಿಗೆ ನಿಂಬೆಹಣ್ಣು ಹಿಡಿದು ಕುಳಿತುಬಿಡುತ್ತೇನೆ. ಮೂವತ್ತು ವರ್ಷದಿಂದ ಇದೇ ಏರ್ಪಾಡು ನಡೆದುಕೊಂಡು ಬಂದಿದೆ.

ಈ ಹಕ್ಕು ಸುಮ್ಮನೆ ಬಂದದ್ದಲ್ಲ, ಸಂಪಾದಿಸಿದ್ದು. ನನ್ನ ಹೆಂಡತಿ ಭಾಗ್ಯಳ ತವರು ಅರಕಲಗೂಡಿನ ಹತ್ತಿರದ ಒಂದು ಹಳ್ಳಿ. ಮದುವೆಯಾದ ಹೊಸತರಲ್ಲಿ ಮೊದಲ ಸಲ ಅಲ್ಲಿಗೆ ಹೊರಟಾಗ ನಮ್ಮ ಮಾವನವರು ನಾಲ್ಕು ಜನ ನೆಂಟರನ್ನು ಕರೆದುಕೊಂಡು, ಎಳನೀರು ಕೆತ್ತಿಸಿಕೊಂಡು, ಬಸ್ ಸ್ಟಾಪಿನಲ್ಲೇ ಕಾಯುತ್ತಿದ್ದರು. ಹೊಸ ಅಳಿಯ ಇಳಿದವನೇ ಕಾಲಿಗೆ ನಮಸ್ಕಾರ ಮಾಡಲು ಬಗ್ಗಿದ. ಬಗ್ಗಿದ್ದೇ ತಪ್ಪಾಯಿತು. ಮಾವನವರ ಹೊಸ ಚಪ್ಪಲಿಯ ಪಕ್ಕದಲ್ಲೇ ಎಲ್ಲವೂ ಮುಗಿದುಹೋಯಿತು. ದೊಡ್ಡ ಮನುಷ್ಯರು ಅವರು, ಒಂದು ಹೆಜ್ಜೆ ಹಿಂದೆ ಸರಿದು, "ಓಗ್ಲಿ ಬುಡಿ ಅಳೀಮಯ್ಯ, ಊಟಕ್ ಮುಂಚೇನೆ ಆಯ್ತಲ್ಲ, ಅಡುಗೆ ಉಳೀತು" ಎಂದು ಬೆನ್ನು ಸವರಿದರು. ಆಮೇಲೆ ಒಂದು ಸಲ ಸ್ಕೂಲಿನ ಮಕ್ಕಳನ್ನು ಬೇಲೂರಿಗೆ ಪ್ರವಾಸ ಕರೆದುಕೊಂಡು ಹೋದಾಗ, ಅಗತ್ಯ ಬಿದ್ದವರಿಗೆ ಪ್ಲಾಸ್ಟಿಕ್ ಕವರು ಹಂಚುವ ಜವಾಬ್ದಾರಿ ನನಗೆ ವಹಿಸಿದ್ದರು. ಮೊದಲ ಕವರನ್ನು ನಾನೇ ಉಪಯೋಗಿಸಿದೆ. ಎರಡನೆಯದನ್ನೂ.

ಇನ್ನೊಂದು ವಿಷಯವನ್ನೂ ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ನಿಮ್ಮಲ್ಲೇ ಇರಲಿ. ರಸ್ತೆ ನೆಟ್ಟಗಿದ್ದರೆ ನನಗೆ ಅಂಥದ್ದೇನೂ ಆಗುವುದಿಲ್ಲ. ಚನ್ನರಾಯಪಟ್ಟಣಕ್ಕೆ ಹೋಗುವಾಗ ಎಷ್ಟೋ ಸಲ ಹೊಟ್ಟೆ ತಣ್ಣಗೆ ಇರುತ್ತದೆ. ಆದರೂ ನಾನು ಮುಖ ಕಿವುಚಿಕೊಂಡೇ ಕೂರುತ್ತೇನೆ. ಹಕ್ಕನ್ನು ಆಗಾಗ ಚಲಾಯಿಸದಿದ್ದರೆ ಕೈತಪ್ಪಿ ಹೋಗುತ್ತದೆ ಎಂದು ಪೌರನೀತಿ ಪಾಠದಲ್ಲಿ ನಾನೇ ಮಕ್ಕಳಿಗೆ ಹೇಳಿಕೊಟ್ಟವನಲ್ಲವೇ?

ಈ ಸುಖಕ್ಕೆ ಒಂದೇ ಒಂದು ಮುಳ್ಳು. ಅದು ಭಾಗ್ಯಳ ತಮ್ಮ, ನನ್ನ ಭಾಮೈದ ಮಂಜೇಗೌಡ. ಊರಲ್ಲಿ ಆಲೂಗೆಡ್ಡೆ, ಶುಂಠಿ ಬೆಳೆಯುತ್ತಾನೆ, ಟ್ರ್ಯಾಕ್ಟರ್ ಓಡಿಸುತ್ತಾನೆ, ಓಡಿಸದೆ ಇರುವ ಹೊತ್ತಿನಲ್ಲಿ ಅದರ ಬಗ್ಗೆ ಮಾತಾಡುತ್ತಾನೆ. ಒಳ್ಳೆಯವನೇ, ಆದರೆ ಬಾಯಿಗೆ ಬೀಗ ಇಲ್ಲ. ಒಂದು ಹಬ್ಬದ ದಿನ ಊಟಕ್ಕೆ ಕೂತಾಗ ಎಲ್ಲರೆದುರು, "ಭಾವ, ನೀವು ಪಶ್ಚಿಮಘಟ್ಟ ಪಾಠ ಮಾಡ್ತೀರಂತಲ್ಲ, ಕಣ್ ಬುಟ್ಕೊಂಡು ಒಂದ್ ದಿನಾನಾದ್ರೂ ಅದ್ನ ನೋಡಿದ್ದೀರಾ?" ಎಂದು ಕೇಳಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಎರಡನೇ ಒಬ್ಬಟ್ಟು ಬಡಿಸಲು ಬಂದಾಗ ಬೇಡವೆಂದು ಎಲೆಗೆ ಕೈ ಅಡ್ಡ ಹಿಡಿದೆ. ಯಾಕೆಂದರೆ ಅವನು ಹೇಳಿದ್ದು ನಿಜ. ಇಪ್ಪತ್ತೆಂಟು ವರ್ಷದಿಂದ ಬೋರ್ಡಿನ ಮೇಲೆ ಘಟ್ಟದ ಗೆರೆ ಎಳೆದಿದ್ದೇನೆ, ಕಣಿವೆ ಎಂದರೇನು ಎಂದು ಐದು ಅಂಕದ ಪ್ರಶ್ನೆ ಕೊಟ್ಟಿದ್ದೇನೆ. ಘಟ್ಟ ಇಳಿದು ಧರ್ಮಸ್ಥಳಕ್ಕೂ ಹೋಗಿ ಬಂದಿದ್ದೇನೆ. ಆದರೆ ಕಣ್ಣು ಮುಚ್ಚಿಕೊಂಡು.

ಹೀಗಿರುವಾಗ ಹೋದ ದಸರಾ ರಜದಲ್ಲಿ ಹಾಸನದಲ್ಲಿ ಕೆಲಸದಲ್ಲಿರುವ ನನ್ನ ಮಗಳು ಕಾವ್ಯ ಫೋನಿನಲ್ಲೇ ಒಂದು ಜೀಪು ಗೊತ್ತುಮಾಡಿಬಿಟ್ಟಳು. ಬಾಡಿಗೆ ವ್ಯಾನಿನಲ್ಲಿ ಶನಿವಾರಸಂತೆ ದಾಟಿ ಘಟ್ಟದ ಅಂಚಿಗೆ ಹೋದರೆ ಅಲ್ಲಿಂದ ಜೀಪಿನವರು ಕಾಡು, ಹಳ್ಳ, ಕಲ್ಲುಬಂಡೆ ಹಾಯಿಸಿ, ಕಣಿವೆ ತೋರಿಸಿ ಕರೆತರುತ್ತಾರಂತೆ. "ಫ್ಯಾಮಿಲಿಗೆ ಅಂತಾನೇ ಇರೋದು ಅಪ್ಪ, ಅಜ್ಜಿನೂ ಬರಬಹುದು" ಎಂದಳು. ಭಾಗ್ಯ, ನಮ್ಮ ಅತ್ತೆ, ಮಂಜ, ಅವನ ಒಂಬತ್ತು ವರ್ಷದ ಮಗಳು ಅನು, ಎಲ್ಲರೂ ಸಿದ್ಧರಾದರು. ಮಂಜನ ಹೆಂಡತಿ ಹಬ್ಬಕ್ಕೆ ತವರೂರು ದುದ್ದಕ್ಕೆ ಹೋಗಿದ್ದವಳು ಈ ಪಟ್ಟಿಯಿಂದ ಪಾರಾದಳು. ನನ್ನ ವಿಷಯ ಬಂದಾಗ ಮಾತ್ರ ಎಲ್ಲರೂ ಒಂದು ಕ್ಷಣ ಮುಖ ಮುಖ ನೋಡಿಕೊಂಡರು. ಮಂಜ, "ಭಾವ ವ್ಯಾನಲ್ಲಿ ಅಲ್ಲಿಗಂಟ ಬರ್ಲಿ. ಜೀಪ್ ಅತ್ತೋದ್ ಬ್ಯಾಡ. ಯಾರಾದ್ರೂ ಒಬ್ರು ಬ್ಯಾಗ್ ಕಾಯ್ಬೇಕಲ್ಲ" ಎಂದ. ಅನು ನನ್ನ ಹತ್ತಿರ ಬಂದು, ಪಾಪ ಎನ್ನುವ ಮುಖ ಮಾಡಿ, "ಮಾವ, ನೀವು ಬ್ಯಾಗ್ ಕಾಯ್ತೀರಾ?" ಎಂದು ಕೇಳಿತು. ಮಂಜನ ಮಾತು ಸಹಿಸಿಕೊಂಡೇನು, ಆ ಮಗುವಿನ ಅನುಕಂಪವನ್ನು ಸಹಿಸಲಾಗಲಿಲ್ಲ. "ಬ್ಯಾಗನ್ನ ಬ್ಯಾಗೇ ಕಾಯ್ಕೊಳ್ಳುತ್ತೆ. ನಾನು ಕಣಿವೆ ನೋಡೇ ನೋಡ್ತೀನಿ" ಎಂದು ಗುಡುಗಿದೆ. ಎರಡೇ ಷರತ್ತು ಹಾಕಿದೆ. ಮುಂದಿನ ಸೀಟು ನನಗೆ. ನಾಲ್ಕು ನಿಂಬೆಹಣ್ಣು ನನಗೆ.

ವ್ಯಾನಿನಲ್ಲಿ ಎಲ್ಲವೂ ಸಂಪ್ರದಾಯದಂತೆ ನಡೆಯಿತು. ಮುಂದೆ ಕುಳಿತೆ, ಕಣ್ಣು ಮುಚ್ಚಿದೆ. ಹಿಂದಿನಿಂದ ಎರಡು ಮೈಲಿಗೊಂದು ಸಲ ಅತ್ತೆ, "ಎಂಗದೆ ಅಳೀಮಯ್ಯ? ಬತ್ತಾ ಇದ್ದದಾ?" ಎಂದು ವಿಚಾರಿಸುತ್ತಿದ್ದರು. ಭಾಗ್ಯ "ಮುಖ ಬಿಳಿಚ್ಕೊಂಡಿದೆ" ಎನ್ನುತ್ತಿದ್ದಳು. ಮಂಜ, "ಕವರ್ ರೆಡಿ ಇಟ್ಕೊಳ್ಳಿ, ಕವರ್" ಎಂದು ಕಾಮೆಂಟರಿ ಕೊಡುತ್ತಿದ್ದ. ಇಷ್ಟು ಜನ ಇಷ್ಟು ವಿಶ್ವಾಸದಿಂದ ಕೇಳುತ್ತಿರುವಾಗ ಬಾರದೆ ಇರುವುದು ಹೇಗೆ? ಎರಡು ಕಡೆ ವ್ಯಾನು ನಿಲ್ಲಿಸಬೇಕಾಯಿತು.

ಕೊನೆಗೆ ಜೀಪು ನಿಲ್ಲುವ ಜಾಗ ಬಂತು. "ಕುಟುಂಬ ಸಮೇತ ಕಣಿವೆ ಸವಾರಿ, ಮಕ್ಕಳಿಗೂ ಹಿರಿಯರಿಗೂ ಸುರಕ್ಷಿತ" ಎಂದು ಬೋರ್ಡು ಹಾಕಿದ್ದರು. ಬೋರ್ಡಿನ ಕೆಳಗೆ ನಿಂತಿದ್ದ ಜೀಪಿಗೆ ಮಾತ್ರ ಈ ಬೋರ್ಡಿನ ವಿಷಯ ಯಾರೂ ತಿಳಿಸಿದಂತಿರಲಿಲ್ಲ. ಮೇಲೆ ಒಂದು ಹರಕು ಟಾರ್ಪಾಲು, ಹಿಂದೆ ಎದುರು ಬದುರು ಎರಡು ಬೆಂಚು, ಬಾಗಿಲು ಎಂಬುದು ಇಲ್ಲವೇ ಇಲ್ಲ. ಡ್ರೈವರ್ ಲೋಕೇಶ ತೆಳ್ಳಗಿನ ಆಸಾಮಿ, ಪಕ್ಕದ ಊರಿನವನಂತೆ. ನಾನು ನೇರವಾಗಿ ಹೋಗಿ ಮುಂದಿನ ಸೀಟಿನ ಮೇಲೆ ಕೈಯಿಟ್ಟು, "ನೋಡಪ್ಪ, ನನಗೆ ವಾಂತಿ ಆಗುತ್ತೆ" ಎಂದು ನನ್ನ ಹಕ್ಕುಪತ್ರ ಮಂಡಿಸಿದೆ. ಅವನು ಗಾಬರಿಯಾಗಿ, "ಅಂಗಾದ್ರೆ ಇಂದ್ಗಡೆ ಕೂತ್ಕಳಿ ಸಾ!" ಎಂದ.

ನಾನು ಸರಿಯಾಗಿ ಕೇಳಿಸಿಲ್ಲವೆಂದುಕೊಂಡು ಇನ್ನೊಮ್ಮೆ ಹೇಳಿದೆ. ಅವನು ಅಷ್ಟೇ ವಿನಯದಿಂದ ವಿವರಿಸಿದ. "ವಾಂತಿ ಬರೋರ್ನೆಲ್ಲ ನಾವು ಲಾಸ್ಟಲ್ಲೇ ಕೂರ್ಸೋದು ಸಾ. ಮುಂದ್ಗಡೆ ಆದ್ರೆ ನನ್ ಮೈಮ್ಯಾಲೆ ಆಯ್ತದೆ. ಇಂದ್ಗಡೆ ಆದ್ರೆ ಬಾಗ್ಲಿಲ್ಲ, ಏನಿಲ್ಲ, ಸೀದಾ ರೋಡಿಗೇ." ಮೂವತ್ತು ವರ್ಷ ಯಾರೂ ಪ್ರಶ್ನಿಸದ ನನ್ನ ಹಕ್ಕನ್ನು ಒಬ್ಬ ಜೀಪ್ ಡ್ರೈವರ್ ಎರಡು ಮಾತಿನಲ್ಲಿ ರದ್ದು ಮಾಡಿದ. ಮೇಲ್ಮನವಿಗೆ ಅವಕಾಶವೇ ಇರಲಿಲ್ಲ. ಮಂಡಿ ನೋವಿನ ಅತ್ತೆಯನ್ನು ಮುಂದೆ ಹತ್ತಿಸುವುದೆಂದಾಯಿತು. ಅವರ ಪಕ್ಕ ಉಳಿದ ಜಾಗ, "ವಿಡಿಯೋ ಮಾಡ್ತೀನಿ, ಮುಂದ್ಲಿಂದಾನೇ ಚೆನ್ನಾಗ್ ಬರೋದು" ಎಂದ ಮಂಜನ ಪಾಲಾಯಿತು.

ಹೋಗಲಿ, ನಿಂಬೆಹಣ್ಣಾದರೂ ಇವೆಯಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಆಗಲೇ ಅತ್ತೆ, "ಭಾಗ್ಯಾ, ಆ ನಿಂಬೆಹಣ್ ಕೊಡವ್ವ" ಎಂದರು. ಬ್ಯಾಗಿನಿಂದ ನಾಲ್ಕೂ ಹಣ್ಣು ಹೊರಬಂದವು. ನಾಲ್ಕು ಹಣ್ಣು, ನಾಲ್ಕು ಚಕ್ರ. ಲೆಕ್ಕ ಎಷ್ಟು ಸರಿಯಾಗಿತ್ತೆಂದರೆ ನನ್ನ ಪಾಲಿಗೆ ಒಂದೂ ಉಳಿಯುವಂತಿರಲಿಲ್ಲ. "ಅಜ್ಜಿ, ಮೊನ್ನೆ ಆಯುಧಪೂಜೇಲಿ ಗಾಡಿಗೆ ಪೂಜೆ ಆಗದೆ" ಎಂದು ಲೋಕೇಶ ಹೇಳಿ ನೋಡಿದ. ಅತ್ತೆ ಬಿಡಲಿಲ್ಲ. "ಅದು ನಿಮ್ದಾಯ್ತು ಕಣಪ್ಪ. ನಮ್ ಮಕ್ಳು ಅತ್ತೋದು ಇವತ್ತು. ಇಂಥಾ ಗಾಡಿಗೆ ದಿಷ್ಟಿ ತೆಗೀದೆ ಅತ್ತುಸ್ತಾರಾ?" ನಾನು "ಅತ್ತೆ, ಅದು ನನ್ನ..." ಎಂದು ಬಾಯಿ ತೆರೆದೆ. ಮಂಜ, "ದೇವ್ರ ಕೆಲ್ಸಕ್ಕೆ ಅಡ್ಡ ಬರ್ಬ್ಯಾಡಿ ಭಾವ" ಎಂದು ಮುಚ್ಚಿಸಿದ. ಅತ್ತೆ ಒಂದೊಂದು ಚಕ್ರದ ಮುಂದೂ ಒಂದೊಂದು ಹಣ್ಣಿಟ್ಟು, ಕರ್ಪೂರ ಹಚ್ಚಿ, ಕೈಮುಗಿದು, "ಊಂ, ಬುಡಪ್ಪ ಮುಂದಕ್ಕೆ" ಎಂದರು. ಲೋಕೇಶ ಜೀಪನ್ನು ನಾಲ್ಕು ಮಾರು ಮುಂದೆ ಬಿಟ್ಟು ನಿಲ್ಲಿಸಿದ. ಪಚಕ್, ಪಚಕ್, ಪಚಕ್ ಎಂದು ನನ್ನ ಪ್ರಾಣ ಮೂರು ಸಲ ಹೋಯಿತು. ನಾಲ್ಕನೆಯದು ಕೇಳಿಸಲಿಲ್ಲ, ಆ ಮೂಲೆಯಲ್ಲಿ ನೆಲ ಕೆಸರಾಗಿತ್ತು. ಎಲ್ಲರೂ ಜೀಪಿನ ಕಡೆ ಹೊರಟೆವು. ಭಾಗ್ಯ ಚಪ್ಪಲಿ ಸರಿಮಾಡಿಕೊಳ್ಳುತ್ತ ಹಿಂದೆ ಉಳಿದವಳು ಕೊನೆಗೆ ಬಂದು ಹತ್ತಿದಳು.

ನಾನು ಬೆಂಚಿನ ತೀರ ತುದಿಯಲ್ಲಿ, ಬಾಗಿಲಿಲ್ಲದ ಬಾಗಿಲ ಬಳಿ, ಕಬ್ಬಿಣದ ಸರಳು ಹಿಡಿದು ಕುಳಿತೆ. ಅಭ್ಯಾಸಬಲದಿಂದ ಕಣ್ಣು ಮುಚ್ಚಿದೆ. ಲೋಕೇಶ ಕನ್ನಡಿಯಲ್ಲಿ ನೋಡಿದವನೇ, "ಸಾ, ಕಣ್ ಮುಚ್ಬ್ಯಾಡಿ! ಕೊಂಬೆ ಒಡೀತದೆ. ನೋಡ್ಕೊಂಡ್ ತಲೆ ತಗ್ಗಿಸ್ಬೇಕು" ಎಂದು ಕೂಗಿದ. ಕಣ್ಣು ಬಿಟ್ಟೆ. ಬಿಟ್ಟ ಕಣ್ಣನ್ನು ಮತ್ತೆ ಮುಚ್ಚಲು ಆ ದಾರಿ ಅವಕಾಶ ಕೊಡಲಿಲ್ಲ. ದಾರಿ ಎಂದೆನೇ? ಹಳ್ಳ ಹರಿದು ಒಣಗಿದ್ದಕ್ಕೆ ದಾರಿ ಎಂದು ಹೆಸರಿಟ್ಟಿದ್ದರು. ಜೀಪು ಒಂದು ಬಂಡೆ ಹತ್ತಿ ಆಚೆ ಇಳಿಯಿತು. ನಾವೆಲ್ಲ ಮೇಲಕ್ಕೆ ಹೋಗಿ ಟಾರ್ಪಾಲು ಮುಟ್ಟಿ, ಬೇರೆ ಬೇರೆ ಜಾಗಕ್ಕೆ ಬಂದು ಬಿದ್ದೆವು. ಅನು ಕಿಲಕಿಲ ನಕ್ಕಿತು. ಕಾವ್ಯ ನನ್ನ ತೋಳು ಹಿಡಿದಳು, ನಾನು ಸರಳು ಹಿಡಿದೆ, ಭಾಗ್ಯ ದೇವರನ್ನು ಹಿಡಿದಳು.

ಒಂದು ಮೈಲಿ ಆಯಿತು. ಎರಡು ಆಯಿತು. ತೊಡೆಮಟ್ಟ ನೀರಿನ ಒಂದು ಹಳ್ಳವನ್ನೂ ಹಾಯ್ದೆವು. ಆಗ ಇದ್ದಕ್ಕಿದ್ದಂತೆ ನನಗೆ ಒಂದು ವಿಚಾರ ಹೊಳೆಯಿತು. ನನ್ನ ಹೊಟ್ಟೆಯಲ್ಲಿ ಏನೂ ಆಗುತ್ತಿರಲಿಲ್ಲ! ಒಳಗೆ ಹುಡುಕಿ ನೋಡಿದೆ. ಇಲ್ಲ, ಅಲ್ಲಿ ವ್ಯಾನಿನಿಂದ ಇಳಿದ ಮೇಲೆ ತಿಂದ ಎರಡು ಇಡ್ಲಿ ಇದ್ದ ಹಾಗೇ ಇದ್ದವು. ಕಾರಣವೂ ಹೊಳೆಯಿತು. ಯಾರೂ ಕೇಳುತ್ತಿರಲಿಲ್ಲ. "ಎಂಗದೆ ಅಳೀಮಯ್ಯ" ಎನ್ನಲು ಅತ್ತೆಗೆ ಪುರುಸೊತ್ತಿಲ್ಲ, ಅವರು ಎರಡು ಕೈಯಲ್ಲೂ ಡ್ಯಾಶ್‌ಬೋರ್ಡ್ ತಬ್ಬಿಕೊಂಡಿದ್ದರು. ನನ್ನ ಮುಖ ಬಿಳಿಚಿದೆಯೋ ಕಪ್ಪಾಗಿದೆಯೋ ನೋಡುವವರಿಲ್ಲ. ಮೂವತ್ತು ವರ್ಷ ನಾನು ಮಾಡಿಕೊಂಡದ್ದು ಹೊಟ್ಟೆಯ ಒತ್ತಾಯಕ್ಕೋ, ಬಂಧುಗಳ ಒತ್ತಾಯಕ್ಕೋ ಎಂಬ ಅನುಮಾನ ಆವತ್ತು ಮೊದಲ ಸಲ ಬಂತು.

ಇಷ್ಟರಲ್ಲಿ ಮುಂದಿನ ಸೀಟಿನಲ್ಲಿ ಏನೋ ಬದಲಾವಣೆ ಕಂಡಿತು. ಮಂಜನ ವಿಡಿಯೋ ನಿಂತಿತ್ತು. ಕಾಮೆಂಟರಿಯೂ ನಿಂತಿತ್ತು. ಒಂದು ಆಕಳಿಕೆ ಬಂತು, ಹಿಂದೆಯೇ ಇನ್ನೊಂದು. ಕತ್ತಿನ ಹಿಂಭಾಗದಲ್ಲಿ ಬೆವರು ಮೂಡಿತು. ಎಂಜಲು ನುಂಗುವುದು ಹಿಂದಿನಿಂದಲೇ ಕಾಣುತ್ತಿತ್ತು. ಈ ಶಾಸ್ತ್ರದಲ್ಲಿ ನನಗಿಂತ ಬಲ್ಲವರು ಜಿಲ್ಲೆಯಲ್ಲೇ ಇರಲಾರರು. ನಾನು ಎದ್ದು ನಿಂತು, "ಲೋಕೇಶ, ಗಾಡಿ ನಿಲ್ಸು! ಮೂವತ್ತು ಎಣಿಸೋದ್ರೊಳಗೆ ಮಂಜನಿಗೆ ಆಗುತ್ತೆ!" ಎಂದು ಕೂಗಿದೆ. ಮಂಜ ರೋಷದಿಂದ ತಿರುಗಿ, "ಯಾರ್ಗೆ? ನಂಗಾ? ಟ್ರ್ಯಾಕ್ಟರ್ ಓಡ್ಸೋನು ಕಣ್ರೀ ನಾನು, ನಂಗ್ಯಾಕ್..." ಎಂದ. ಅಷ್ಟರಲ್ಲಿ ಇಪ್ಪತ್ತೆರಡು ಎಣಿಸಿದ್ದೆ. ಮಾತು ಅಲ್ಲಿಗೇ ನಿಂತು, ಇಳಿದು ಓಡಿದ.

ಓಡಿಸುವವನಿಗೆ ಬೇರೆ, ಪಕ್ಕದಲ್ಲಿ ಕೂತವನಿಗೆ ಬೇರೆ. ಆ ಟ್ರ್ಯಾಕ್ಟರ್ ಮೇಲೆ ಅವನು ಯಾವತ್ತೂ ಪಕ್ಕದಲ್ಲಿ ಕೂತವನಲ್ಲ. ನಾನು ಹೋಗಿ ಅವನ ಹಣೆ ಹಿಡಿದುಕೊಂಡೆ. ನೀರು ಚಿಮುಕಿಸಿದೆ. "ಮೂಗಲ್ಲಿ ಉಸಿರು ತಗೋ. ನೆಲ ನೋಡಬೇಡ. ಆ ಬೆಟ್ಟದ ತುದಿ ಇದೆಯಲ್ಲ, ಅದನ್ನ ನೋಡು" ಎಂದು ಗುರುವಿನ ಗಾಂಭೀರ್ಯದಿಂದ ಉಪದೇಶ ಮಾಡಿದೆ. ಅತ್ತೆ ಕೂತಲ್ಲಿಂದಲೇ, "ಅಯ್ಯೋ ನನ್ ಕಂದ, ದಿಷ್ಟಿ ಆಗೋಯ್ತಲ್ಲಪ್ಪೋ! ಯಾರಾದ್ರೂ ನಿಂಬೆಹಣ್ ಕೊಡ್ರೋ" ಎಂದು ಗೋಳಾಡಿದರು. "ನಿಂಬೆಹಣ್ಣು ದೇವರ ಕೆಲಸಕ್ಕೆ ಹೋಯ್ತಲ್ಲ ಅತ್ತೆ" ಎಂದೆ. ಆ ಮಾತು ಹೇಳಲು ಸಿಕ್ಕ ಸುಖವನ್ನು ಹೇಗೆ ವರ್ಣಿಸಲಿ! ಭಾಗ್ಯ ಮಾತ್ರ ಬ್ಯಾಗನ್ನು ಎದೆಗವಚಿಕೊಂಡು, ಅತ್ತ ಕಡೆಯ ಒಂದು ಮರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು.

ಮಂಜ ಒಂದು ಬಂಡೆಯ ಮೇಲೆ ಕುಸಿದು ಕೂತು, ಕ್ಷೀಣ ಧ್ವನಿಯಲ್ಲಿ, "ನೀವೆಲ್ಲ ಓಗ್ಬನ್ನಿ. ನಾನಿಲ್ಲೇ ಇರ್ತೀನಿ. ಬ್ಯಾಗ್ ಬೇಕಾದ್ರೆ ಬುಟ್ಟೋಗಿ" ಎಂದ. ಎಂಥ ಗಳಿಗೆ ನೋಡಿ! ಬಿಟ್ಟು ಹೋಗಬಹುದಿತ್ತು. ಆದರೆ ಬ್ಯಾಗಿನ ಜೊತೆ ಬಿಟ್ಟು ಹೋಗುತ್ತಾರೆ ಎನ್ನುವ ಸಂಕಟ ಏನೆಂದು ನನಗೆ ಗೊತ್ತಿತ್ತು. "ಏಳು ಮಂಜ, ನನ್ನ ಪಕ್ಕ ಕೂತ್ಕೋ. ನಾನಿದ್ದೀನಿ" ಎಂದು ಎಬ್ಬಿಸಿದೆ. ಅವನು ಮಗುವಿನ ಹಾಗೆ ನನ್ನ ಭುಜ ಹಿಡಿದು ಬಂದು ಕೂತ.

ಕೊನೆಯ ಏರು ಹತ್ತಿ ಜೀಪು ನಿಂತಿತು. ಇಳಿದು ಹತ್ತು ಹೆಜ್ಜೆ ನಡೆದೆವು. ಅಲ್ಲಿ ನೆಲ ಮುಗಿದುಹೋಗಿತ್ತು. ಕೆಳಗೆ, ಬಹಳ ಕೆಳಗೆ, ಕಣಿವೆ. ಒಂದು ಹಸಿರಿನ ಹಿಂದೆ ಇನ್ನೊಂದು ಹಸಿರು, ಅದರ ಹಿಂದೆ ನೀಲಿ, ನಡುವೆ ದಾರದ ಹಾಗೆ ಬಿಳಿ ನೀರು. ನಿತ್ಯಹರಿದ್ವರ್ಣ ಕಾಡು ಎಂದು ಸಾವಿರ ಸಲ ಬರೆಸಿದ್ದೆ. ಅದಕ್ಕೆ ವಾಸನೆ ಇದೆಯೆಂದು, ಅದರೊಳಗಿಂದ ತಣ್ಣನೆಯ ಗಾಳಿ ಎದ್ದು ಮುಖಕ್ಕೆ ಬಡಿಯುತ್ತದೆಂದು ಯಾವ ಪುಸ್ತಕದಲ್ಲೂ ಇರಲಿಲ್ಲ. ಅನು ನನ್ನ ಕೈ ಹಿಡಿದು, "ಮಾವ, ಈ ನೀರು ಎಲ್ಲಿಗ್ ಓಗ್ತದೆ?" ಎಂದು ಕೇಳಿತು. ಹೇಳಿದೆ. "ಇಲ್ಲಿ ಮುಂದೆ ಬಿದ್ದ ಮಳೆ ಅರಬ್ಬೀ ಸಮುದ್ರಕ್ಕೆ ಹೋಗುತ್ತೆ. ನಮ್ಮ ಬೆನ್ನ ಹಿಂದೆ ಬಿದ್ದದ್ದು ಹೇಮಾವತಿ ಸೇರಿ, ನಮ್ಮೂರ ಮುಂದೆ ಹರಿದು, ಕಾವೇರಿಗೆ ಹೋಗಿ, ಆ ಕಡೆ ಬಂಗಾಳ ಕೊಲ್ಲಿಗೆ ಹೋಗುತ್ತೆ. ನೀನು ನಿಂತಿರೋ ಜಾಗ ಎರಡು ಸಮುದ್ರದ ನಡುವಿನ ಗಡಿ ಕಣಮ್ಮ." ಲೋಕೇಶ ಕೂಡ ಬೀಡಿ ಆರಿಸಿ ಕೇಳಿದ. ಮಂಜ ಮೆಲ್ಲಗೆ, "ಭಾವ, ಇನ್ನೊಂದ್ ಕಿತ ಯೇಳಿ, ವಿಡಿಯೋ ಮಾಡ್ಕತೀನಿ" ಎಂದ. ನಾಚಿಕೆ ಬಿಟ್ಟು ಹೇಳುತ್ತೇನೆ, ನನ್ನ ಕಣ್ಣು ತುಂಬಿ ಬಂತು. ನಾನು ಗೆದ್ದಿದ್ದೆ. ಇಪ್ಪತ್ತೆಂಟು ವರ್ಷ ಬಾಯಲ್ಲಿ ಹೇಳಿದ್ದನ್ನು ಕಣ್ಣಲ್ಲಿ ನೋಡಿದ್ದೆ.

ವಾಪಸ್ಸು ಇಳಿಯುವಾಗಲೂ ನನಗೆ ಏನೂ ಆಗಲಿಲ್ಲ. ಜೀಪಿನಿಂದ ಇಳಿದು, ಜಯಶಾಲಿಯ ನಡಿಗೆಯಲ್ಲಿ ನಮ್ಮ ವ್ಯಾನಿನ ಹತ್ತಿರ ಹೋಗಿ, ಎಂದಿನಂತೆ ಮುಂದಿನ ಬಾಗಿಲಿಗೆ ಕೈ ಹಾಕಿದೆ. ಹಿಂದಿನಿಂದ ಅತ್ತೆಯ ಧ್ವನಿ ಕೇಳಿತು. "ಮಂಜಂಗೆ ಮುಂದಿನ ಸೀಟು ಬುಡಿ ಅಳೀಮಯ್ಯ, ಅವ್ನಿಗೆ ಆಗಲ್ಲ." ನಾನು ಸುತ್ತ ನೋಡಿದೆ. ಕಾವ್ಯ ಹೆಮ್ಮೆಯಿಂದ, "ಹೌದಪ್ಪ, ನಿಮಗೀಗ ಎಲ್ಲಿ ಕೂತರೂ ಏನೂ ಆಗಲ್ಲವಲ್ಲ" ಎಂದಳು. ಮಂಜ ಆಗಲೇ ಹತ್ತಿ, ಕಿಟಕಿಗೆ ತಲೆ ಆನಿಸಿ, ಕಣ್ಣು ಮುಚ್ಚಿದ್ದ. ಹೊಸಬನಾದರೂ ಭಂಗಿ ಚೆನ್ನಾಗಿತ್ತು.

ನನ್ನನ್ನು ಕಟ್ಟಕಡೆಯ ಸೀಟಿಗೆ, ಊಟದ ಡಬ್ಬಿಗಳ ಜೊತೆ, ಸಕಲ ಗೌರವಗಳೊಂದಿಗೆ ಕಳಿಸಿದರು. ಅನು ಪಕ್ಕದಲ್ಲಿ ಬಂದು ಕೂತಿತು. ಶನಿವಾರಸಂತೆ ದಾಟಿತು. ಎಲ್ಲರೂ ನನ್ನ ಸಾಹಸವನ್ನೇ ಹೊಗಳುತ್ತಿದ್ದರು. ಹೊಗಳಿಕೆಯ ನಡುವೆ ಡೀಸೆಲ್ ವಾಸನೆ ಸಣ್ಣಗೆ ಮೂಗಿಗೆ ಬಂತು, ಅದರ ಜೊತೆ ಚಿತ್ರಾನ್ನದ ಖಾಲಿ ಡಬ್ಬಿಯ ಎಣ್ಣೆ ವಾಸನೆ. ನನಗೆ ಒಂದು ಆಕಳಿಕೆ ಬಂತು. ಹಿಂದೆಯೇ ಇನ್ನೊಂದು. ಕತ್ತು ಮುಟ್ಟಿ ನೋಡಿಕೊಂಡೆ, ಬೆವರು. ಕೂಗಿ ಹೇಳಲೇ? ಹೇಳಿದರೆ ಗೆದ್ದದ್ದೆಲ್ಲ ನೀರಲ್ಲಿ ಹೋಮ. "ಮಾವ, ನಿಮ್ಗೆ ನಿಜ್ವಾಗ್ಲೂ ಏನೂ ಆಗಲ್ವಾ?" ಎಂದು ಅನು ಕಣ್ಣರಳಿಸಿ ಕೇಳಿತು. ಹಲ್ಲು ಕಚ್ಚಿಕೊಂಡು ಇಲ್ಲವೆಂದು ತಲೆಯಾಡಿಸಿದೆ. ತಲೆಯಾಡಿಸಬಾರದಿತ್ತು.

ಆಗ ನಮ್ಮ ಮುಂದಿನ ಸಾಲಿನಲ್ಲಿ ಕೂತಿದ್ದ ಭಾಗ್ಯ, ತಿರುಗಿ ನೋಡದೆ, ಅತ್ತೆಯ ಜೊತೆ ಆಡುತ್ತಿದ್ದ ಮಾತನ್ನೂ ನಿಲ್ಲಿಸದೆ, ಎರಡು ಸೀಟಿನ ಸಂದಿಯಿಂದ ಕೈ ಹಿಂದಕ್ಕೆ ಚಾಚಿದಳು. ಮುಷ್ಟಿ ಬಿಚ್ಚಿದಳು. ಅದರಲ್ಲಿ ಒಂದು ನಿಂಬೆಹಣ್ಣಿತ್ತು. ಒಂದು ಮಗ್ಗುಲು ಚಪ್ಪಟೆಯಾಗಿತ್ತು, ಸಿಪ್ಪೆಯ ಮೇಲೆ ಕೆಸರು, ಕೆಸರಿನ ಮೇಲೆ ಟೈರಿನ ಗೆರೆ. ಒಡಹುಟ್ಟಿದ ತಮ್ಮ ಬಂಡೆಯ ಮೇಲೆ ನರಳುವಾಗಲೂ ಹೊರಗೆ ತೆಗೆಯದ ಹಣ್ಣು. ದೃಷ್ಟಿ ತೆಗೆದ ನಿಂಬೆಹಣ್ಣನ್ನು ದಾಟಲೂ ಬಾರದು, ಮುಟ್ಟಲೂ ಬಾರದು ಎಂಬುದು ನಮ್ಮ ಅತ್ತೆಯ ಕಟ್ಟಾಜ್ಞೆ. ನಾನು ಬಿದ್ದ ಪೆನ್ನು ಹುಡುಕುವವನಂತೆ ಸೀಟಿನ ಕೆಳಕ್ಕೆ ಬಗ್ಗಿ, ಇಡೀ ಕುಟುಂಬದ ದೃಷ್ಟಿಯನ್ನು ಒಂದೇ ಉಸಿರಿಗೆ ಮೂಗಿನೊಳಕ್ಕೆ ಎಳೆದುಕೊಂಡೆ.